ಮಾನವೆಂಬ ಸೆರೆಮನೆ

ಜೀವನನ್ನು ಸಂಸಾರಕ್ಕೆ ಕಟ್ಟಿಹಾಕುವ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಇವುಗಳಲ್ಲಿ ಮಾನವನ್ನು ಗುರುತಿಸುವುದು ಬಲು ಕಷ್ಟ. ಕ್ರೋಧ ಮುಖದಲ್ಲೇ ಕಾಣುತ್ತದೆ. ಲೋಭವನ್ನು ನೆರೆಯವರು ಬೇಗ ಅರಿಯುತ್ತಾರೆ. ಮಾನವಾದರೋ ಕರ್ತವ್ಯ, ಶಿಸ್ತು, ಸ್ವಾಭಿಮಾನಗಳ ವೇಷ ತೊಟ್ಟು ಬರುತ್ತದೆ.

1957ರಲ್ಲಿ ತೆರೆಕಂಡ, ಡೇವಿಡ್ ಲೀನ್ ನಿರ್ದೇಶನದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರ ಈ ವೇಷವನ್ನು ಬಯಲು ಮಾಡುತ್ತದೆ. ಇಂಥ ಹಳೆಯ ಚಿತ್ರವನ್ನು ಇಂದು ತಂಬ್ರಹಳ್ಳಿಯ ಮನೆಯೊಂದರಲ್ಲಿ ಕುಳಿತು ಡಿವಿಡಿಯಲ್ಲಿ ನೋಡಬಹುದು. ಬೇಕಾದ ದೃಶ್ಯವನ್ನು ನಿಲ್ಲಿಸಿ ಮತ್ತೊಮ್ಮೆ ಅವಲೋಕಿಸಬಹುದು.

ಜಪಾನೀಯರ ಸೆರೆಶಿಬಿರದಲ್ಲಿರುವ ಬ್ರಿಟಿಷ್ ಕರ್ನಲ್ ನಿಕಲ್ಸನ್, ಅಧಿಕಾರಿಗಳು ಕೂಲಿ ಕೆಲಸ ಮಾಡಬೇಕಿಲ್ಲವೆಂಬ ಯುದ್ಧನಿಯಮವನ್ನು ಹಿಡಿದು ಹಟ ತೊಡುತ್ತಾನೆ. ಸುಡುವ ತಗಡಿನ ಗೂಡಿನಲ್ಲಿ ಕೂಡಿಹಾಕಿದರೂ ಬಾಗುವುದಿಲ್ಲ. ಕೊನೆಗೆ ಶಿಬಿರದ ಮುಖ್ಯಸ್ಥ ಸೈಟೋ ಸೋಲುತ್ತಾನೆ. ಸೈನಿಕರು ಜಯಘೋಷ ಮಾಡುತ್ತಾರೆ. ನಿಲ್ಲಿಸಿ ನೋಡಬೇಕಾದ ದೃಶ್ಯವಿದು. ಇಲ್ಲಿಯವರೆಗೆ ಧೈರ್ಯವಾಗಿದ್ದುದು ಇಲ್ಲಿಂದ ಮುಂದೆ ಮಾನವಾಗುತ್ತದೆ. ತನ್ನವರ ಸಾಮರ್ಥ್ಯವನ್ನು ತೋರಿಸಬೇಕೆಂದು ನಿಕಲ್ಸನ್ ಶತ್ರುವಿಗೇ ಭದ್ರವಾದ ಸೇತುವೆ ಕಟ್ಟಿಕೊಡುತ್ತಾನೆ; ಅದನ್ನು ಕೆಡವಲು ಬಂದ ತನ್ನವರಿಗೇ ಅಡ್ಡಬರುತ್ತಾನೆ. ಮಾಡಿದ್ದೇನೆಂಬ ಅರಿವು ಮೂಡುವುದು ಸಾವಿನ ಕ್ಷಣದಲ್ಲಿ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ ಮಾನದ ನಾಲ್ಕು ತರತಮಗಳನ್ನು ಕಲ್ಲು, ಎಲುಬು, ಮರ, ಬೆತ್ತಗಳಿಗೆ ಹೋಲಿಸುತ್ತದೆ. ಬೆತ್ತ ಸುಲಭವಾಗಿ ಬಾಗುತ್ತದೆ. ಕಲ್ಲು ಒಡೆದೀತೇ ಹೊರತು ಬಾಗದು. ಆ ಆಚಾರ್ಯರ ಶಿಷ್ಯನಾದ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಬಾಹುಬಲಿಯ ಕಥೆಯೂ ಇದನ್ನೇ ಹೇಳುತ್ತದೆ. ಗೆದ್ದ ರಾಜ್ಯವನ್ನು ಬಿಟ್ಟು, ಮೈಗೆ ಬಳ್ಳಿ ಹಬ್ಬುವಂತೆ ತಪಸ್ಸು ಮಾಡಿದರೂ, ನಿಂತ ನೆಲ ಭರತನದೆಂಬ ಶಲ್ಯ ಮನಸ್ಸಿನಲ್ಲಿ ಉಳಿದಿತ್ತೆಂದು ನಮ್ಮಲ್ಲಿ ಪ್ರಚಲಿತವಿರುವ ಕಥೆ. ಅದು ಕರಗಿದ ಮೇಲೆಯೇ ಕೇವಲಜ್ಞಾನ. ಮಹಾತಪಸ್ವಿಯನ್ನೂ ತಡೆದ ಮುಳ್ಳು ನಮ್ಮನ್ನು ಬಿಟ್ಟೀತೆ?

ಚಿತ್ರದ ಕಥೆ ಕಲ್ಪಿತ; ಆದರೆ ಹಿನ್ನೆಲೆಯ ಸಂಕಟ ನಿಜ. 1942–43ರಲ್ಲಿ ಥಾಯ್ಲೆಂಡ್ ಮತ್ತು ಬರ್ಮಾಗಳ ನಡುವೆ ಸುಮಾರು 415 ಕಿ.ಮೀ. ರೈಲುಮಾರ್ಗ ನಿರ್ಮಿಸುವಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಪ್ರಾಣತೆತ್ತರು. ಮಲಯದಿಂದ ಕರೆದೊಯ್ದ ತಮಿಳರೂ ಸೇರಿದಂತೆ ಅಸುನೀಗಿದ ಏಷ್ಯಾದ ಕೂಲಿಗಳು ಅದಕ್ಕೂ ಎಷ್ಟೋ ಪಟ್ಟು ಹೆಚ್ಚು. ಅಲ್ಲಿನ ಸೇತುವೆಯ ಶಿಬಿರದಲ್ಲಿ ಬ್ರಿಟಿಷ್ ಕೈದಿಗಳ ಹಿರಿಯ ಅಧಿಕಾರಿಯಾಗಿದ್ದವರು ಫಿಲಿಪ್ ಟೂಸಿ. ಅವರು ನಿಕಲ್ಸನ್‌ನಂತಿರಲಿಲ್ಲ. ಪೆಟ್ಟು ತಿಂದರೂ ತನ್ನವರ ಪ್ರಾಣ ಉಳಿಸುವುದನ್ನೇ ಗುರಿಯಾಗಿಸಿಕೊಂಡರು. ಯುದ್ಧ ಮುಗಿದ ಬಳಿಕ, ಶಿಬಿರದಲ್ಲಿದ್ದ ನಿಜವಾದ ಸೈಟೋ ಎಂಬ ಜಪಾನಿ ಅಧಿಕಾರಿಯ ಪರವಾಗಿ ಮಾತಾಡಿ ಆತನನ್ನು ಕಾಪಾಡಿದರು. ವರ್ಷಗಳು ಕಳೆದು, ಟೂಸಿ ತೀರಿಕೊಂಡ ಮೇಲೆ, ಸೈಟೋ ಅವರ ಸಮಾಧಿಗೆ ಬಂದು ನಮಿಸಿದ.

ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಯ ಬೆನ್ನಿಗೇ ಉತ್ತಮ ಮಾರ್ದವ ಬರುವುದು ಸಹಜವೇ ಆಗಿದೆ. ಬಾಗಲಾರದವನು ಕ್ಷಮಿಸಲಾರ. ಚಿತ್ರದ ದೃಶ್ಯವನ್ನು ಹಿಂದಕ್ಕೆ ತಂದು ನೋಡುವ ನಾವು ದಿನದ ಕೊನೆಯಲ್ಲಿ ನಮ್ಮ ನಡೆಯನ್ನೂ ಹಾಗೆಯೇ ನೋಡಬೇಕು. ಅದೇ ಪ್ರತಿಕ್ರಮಣ. ಇಂದು ನಾನು ಬಿಡದೆ ಹಿಡಿದದ್ದು ಧರ್ಮವೋ, ಮಾನವೋ? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡವನಿಗೆ ಸೆರೆಮನೆಯ ಬಾಗಿಲು ಒಳಗಿನಿಂದಲೇ ತೆರೆಯುತ್ತದೆ.