ಬರ್ಲಿನ್ನಿನ ಬ್ಯಾಂಡ್ ಮಾಸ್ಟರ್

ಕಲಬುರಗಿಯ ಶಹಾಬಜಾರಿನಲ್ಲಾಗಲಿ, ಕಮಲಾಪುರದ ಹೆದ್ದಾರಿ ಬದಿಯಲ್ಲಾಗಲಿ ಮದುವೆಯ ಬರಾತ್ ಹೊರಟರೆ ಮೊದಲು ಕಿವಿಗೆ ಬೀಳುವುದು ಟ್ರಂಪೆಟ್, ಆಮೇಲೆ ಕ್ಲಾರಿನೆಟ್. ಈ ಎರಡರ ಅಡಿಯಲ್ಲಿ ಒಂದು ದಪ್ಪ ದನಿ ಹರಿಯುತ್ತಿರುತ್ತದೆ. ಯುಫೋನಿಯಂನದು, ದೊಡ್ಡ ಬ್ಯಾಂಡಾದರೆ ಮೈಗೆ ಸುತ್ತಿಕೊಂಡ ಸೂಸಫೋನಿನದು. ಹಾಡು ಗುರುತಿಸಿ ಕುಣಿಯುವವರಿಗೆ ಅದರ ಪರಿವೆ ಇರುವುದಿಲ್ಲ. ಅದನ್ನು ಊದುವವನು ಉಸಿರಿಗೆಂದು ನಿಂತರೆ ಮಾತ್ರ ಇಡೀ ಬಾಜಾ ಬರಿದಾದಂತೆ ಅನಿಸುತ್ತದೆ.

ಆ ತಳದ ದನಿಯನ್ನು ಬ್ಯಾಂಡಿಗೆ ಕೊಟ್ಟವರಲ್ಲಿ ಮುಖ್ಯನಾದವನು ವಿಲ್ಹೆಲ್ಮ್ ವೀಪ್ರೆಖ್ಟ್ ಎಂಬ ಜರ್ಮನ್ ಸಂಯೋಜಕ, ಟ್ರಾಂಬೋನ್ ವಾದಕ. 1802ರ ಆಗಸ್ಟ್ 10ರಂದು ಆಶರ್ಸ್‌ಲೆಬೆನ್ ಎಂಬ ಊರಿನಲ್ಲಿ ಹುಟ್ಟಿದ. ಅಪ್ಪ ಅಲ್ಲಿಯ ಪಟ್ಟಣದ ವಾದ್ಯಗಾರ: ಊರಿನ ಮದುವೆ, ಹಬ್ಬ, ಚರ್ಚಿನ ಸೇವೆ ಎಲ್ಲಕ್ಕೂ ಊದುವ ಕಸುಬು. ನಮ್ಮ ಭಜಂತ್ರಿ ಮನೆತನಗಳಲ್ಲಿ ಸನಾದಿ ತಂದೆಯಿಂದ ಮಗನಿಗೆ ಬರುವ ಹಾಗೆ, ಊದುವ ವಾದ್ಯಗಳೆಲ್ಲ ಹುಡುಗನಿಗೆ ಮನೆಯಲ್ಲೇ ದಕ್ಕಿದವು. ಅಪ್ಪನಿಗೆ ಮಗ ಪಿಟೀಲಿನಲ್ಲಿ ಹೆಸರು ಮಾಡಲೆಂಬ ಆಸೆ. 1819ರಲ್ಲಿ ಡ್ರೆಸ್ಡೆನ್ನಿಗೆ ಹೋಗಿ ಕಲಿತ, ಮರುವರ್ಷ ಲೈಪ್‌ಸಿಗ್ ಸೇರಿದ. ಅಲ್ಲಿ ಪಿಟೀಲು, ಕ್ಲಾರಿನೆಟ್ ನುಡಿಸುತ್ತಲೇ ಟ್ರಾಂಬೋನಿನ ಏಕವಾದನಕ್ಕೂ ನಿಲ್ಲುತ್ತಿದ್ದ.

ಟ್ರಾಂಬೋನಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಅದಕ್ಕೆ ಗುಂಡಿಗಳಿಲ್ಲ, ಒಂದರೊಳಗೊಂದು ಜಾರುವ ಕೊಳವೆ ಇದೆ. ಕೊಳವೆಗೆ ಏಳು ನೆಲೆ, ಒಂದೊಂದು ನೆಲೆ ಹೊರಕ್ಕೆ ಚಾಚಿದಂತೆ ಅರ್ಧ ಸ್ವರ ಕೆಳಗಿಳಿಯುತ್ತದೆ. ನೆಲೆ ತೋರಿಸುವ ಗುರುತು ಕೊಳವೆಯ ಮೇಲಿಲ್ಲ, ಕಿವಿಯೇ ಅಳತೆಗೋಲು. ಸ್ವರದಿಂದ ಸ್ವರಕ್ಕೆ ಮೀಂಡ್ ಎಳೆಯಲು ಹಿತ್ತಾಳೆ ವಾದ್ಯಗಳಲ್ಲಿ ಇದಕ್ಕಿಂತ ಒಗ್ಗುವುದು ಇನ್ನೊಂದಿಲ್ಲ. ಹಿಂದುಸ್ತಾನಿ ಗಾಯನ ಕೇಳಿ ಬೆಳೆದ ನಮ್ಮ ಸೀಮೆಯಲ್ಲಿ ಇದು ಮನೆಮಾತಾಗಬೇಕಿತ್ತು ಎಂದು ನನಗೆ ಸದಾ ಅನಿಸುತ್ತದೆ. ಆದರೆ ಬರಾತಿನ ನೂಕುನುಗ್ಗಲಲ್ಲಿ ತೋಳು ಚಾಚಲು ಜಾಗವೆಲ್ಲಿ? ಗುಂಡಿ ಒತ್ತಿ ನುಡಿಸುವ ವಾದ್ಯಗಳು ಬೀದಿಗೆ ಹೆಚ್ಚು ಅನುಕೂಲ.

ಆ ಗುಂಡಿಗಳೇ ವೀಪ್ರೆಖ್ಟ್‌ನ ಬದುಕನ್ನು ಹಿಡಿದಿಟ್ಟವು. 1824ರಲ್ಲಿ ಬರ್ಲಿನ್ನಿಗೆ ಹೋಗಿ ಅರಸನ ಆಸ್ಥಾನದ ವಾದ್ಯವೃಂದ ಸೇರಿದ ಮೇಲೆ ಅವನ ಮನಸ್ಸು ಸೇನೆಯ ಬ್ಯಾಂಡುಗಳತ್ತ ತಿರುಗಿತು. ಕವಾಟವೆಂಬ ಉಪಾಯ ಆಗಷ್ಟೇ ಬಂದಿತ್ತು. ಗುಂಡಿ ಒತ್ತಿದರೆ ಉಸಿರು ಹೆಚ್ಚುವರಿ ಕೊಳವೆಯೊಂದನ್ನು ಸುತ್ತಿ ಬರುತ್ತದೆ, ಸ್ವರ ಇಳಿಯುತ್ತದೆ: ಮೊದಲನೆಯ ಗುಂಡಿಗೆ ಒಂದು ಪೂರ್ಣ ಸ್ವರ, ನಡುವಿನದಕ್ಕೆ ಅರ್ಧ, ಮೂರನೆಯದಕ್ಕೆ ಒಂದೂವರೆ. ನಮ್ಮ ಬಾಜಾದವರ ಬೆರಳಿಗೆ ಇಂದಿಗೂ ಇದೇ ಲೆಕ್ಕ. ಆದರೆ ಅಂದಿನ ಕವಾಟಗಳಲ್ಲಿ ದನಿ ಕಟ್ಟಿಕೊಳ್ಳುತ್ತಿತ್ತು. ವೀಪ್ರೆಖ್ಟ್ ಧ್ವನಿಶಾಸ್ತ್ರ ಓದಿದ, ಕವಾಟವನ್ನು ತಿದ್ದಿದ. ವಾದ್ಯ ತಯಾರಕ ಮೋರಿಟ್ಸ್ ಜೊತೆಗೂಡಿ ಐದು ಕವಾಟಗಳ ಹೊಸ ವಾದ್ಯವೊಂದಕ್ಕೆ 1835ರ ಸೆಪ್ಟೆಂಬರ್ 12ರಂದು ಹಕ್ಕುಪತ್ರ ಪಡೆದ. ಅದೇ ಬಾಸ್ ಟ್ಯೂಬಾ. ಇಂದಿನ ಸೂಸಫೋನ್ ಅದರ ಸಂತತಿ.

1838ರಲ್ಲಿ ಪ್ರಷ್ಯದ ರಕ್ಷಕ ಪಡೆಗಳ ಬ್ಯಾಂಡುಗಳೆಲ್ಲ ಅವನ ಉಸ್ತುವಾರಿಗೆ ಬಂದವು. ಅದೇ ವರ್ಷ ಮೇ 12ರಂದು, ರಷ್ಯದ ಚಕ್ರವರ್ತಿ ಬರ್ಲಿನ್ನಿಗೆ ಬಂದಾಗ, ಸಾವಿರಕ್ಕೂ ಹೆಚ್ಚು ಊದುವವರನ್ನೂ 200 ಮಂದಿ ಡೋಲಿನವರನ್ನೂ ಒಟ್ಟಿಗೆ ನಿಲ್ಲಿಸಿ ನುಡಿಸಿದ. ಅಂದು ಅವನು ಜೋಡಿಸಿದ ರಾತ್ರಿಯ ಸೇನಾ ಸಂಗೀತ ಜರ್ಮನಿಯಲ್ಲಿ ಈಗಲೂ ನಡೆಯುತ್ತದೆ, ಪಂಜುಗಳ ಬೆಳಕಿನಲ್ಲಿ. ಅಧಿಕಾರ ಬಿಡುವ ಚಾನ್ಸಲರ್ ಅಂದು ತಮಗಿಷ್ಟದ ಹಾಡುಗಳನ್ನು ಬ್ಯಾಂಡಿನಿಂದ ಕೇಳಬಹುದು. ಆಂಗೆಲಾ ಮರ್ಕೆಲ್ 2021ರ ಡಿಸೆಂಬರಿನಲ್ಲಿ ಕೇಳಿದ್ದರಲ್ಲಿ ಹಳೆಯ ಪೂರ್ವ ಜರ್ಮನಿಯ ಜನಪ್ರಿಯ ಹಾಡೂ ಒಂದು. ಫರ್ಮಾಯಿಷ್ ಬಂದರೆ ನುಡಿಸುವ ನಮ್ಮ ಬಾಜಾದವರಿಗೆ ಇದು ಹೊಸದಲ್ಲ.

ಸ್ವಂತ ಮೆರವಣಿಗೆ ಸಂಗೀತ ಬರೆದದ್ದಲ್ಲದೆ ಮೊಟ್ಸಾರ್ಟ್, ಬೀಥೋವನ್ನರ ಸಿಂಫನಿಗಳನ್ನೂ ಅವನು ಬ್ಯಾಂಡಿಗೆ ಹೊಂದಿಸಿದ. ಅವನ ಕೆಲಸಗಳಲ್ಲಿ ನಾನು ಹೆಚ್ಚು ಗೌರವಿಸುವುದು ಇದನ್ನೇ. ಸಭಾಂಗಣದೊಳಗಿನ ಸಂಗೀತವನ್ನು ಬಯಲಲ್ಲಿ ಊದುವವರ ಕೈಗೆ ಕೊಟ್ಟ. 1867ರ ಪ್ಯಾರಿಸ್ ಪ್ರದರ್ಶನದ ಸೇನಾ ಬ್ಯಾಂಡ್ ಪಂದ್ಯದಲ್ಲಿ ಅವನ ತಂಡ ಮೊದಲ ಬಹುಮಾನವನ್ನು ಆಸ್ಟ್ರಿಯ, ಫ್ರಾನ್ಸ್ ತಂಡಗಳೊಂದಿಗೆ ಹಂಚಿಕೊಂಡಿತು. 1872ರ ಆಗಸ್ಟ್ 4ರಂದು ಬರ್ಲಿನ್ನಿನಲ್ಲಿ ತೀರಿಕೊಂಡ.

ಹಿತ್ತಾಳೆ ವಾದ್ಯಗಳು ನಮ್ಮ ದೇಶಕ್ಕೆ ಬ್ರಿಟಿಷ್ ಪಡೆಗಳ ಜೊತೆ ಬಂದವು, ಸಂಸ್ಥಾನಗಳಿಗೆ ಹಬ್ಬಿದವು. ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದ ಆಟೋ ಶ್ಮಿಟ್ ಜರ್ಮನಿಯವರೇ. ಮದುವೆ ಬ್ಯಾಂಡುಗಳ ವಾದ್ಯ ತಯಾರಿಕೆಗೆ ಮೀರತ್ ಹೆಸರುವಾಸಿ; ಅಲ್ಲಿಯ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ನಮ್ಮಲ್ಲಿ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದು ಪೊಲೀಸ್ ಬ್ಯಾಂಡಿಗೆ ಗೌರವದ ಜಾಗವಿದೆ. ಬರಾತಿನಲ್ಲಿ ಊದುವವರಿಗೆ ಅದಿಲ್ಲ. ಡಿಜೆ ಬಂದ ಮೇಲೆ ಕರೆಯುವವರೂ ಕಡಿಮೆ. ಕರೆದರೂ ಊಟದ ಪಂಕ್ತಿಯಲ್ಲಿ ಅವರ ಸರದಿ ಕೊನೆಗೆ.

ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಒಂದು ಸಂಜೆಯನ್ನು ಕಲಬುರಗಿ, ಕಮಲಾಪುರದ ಬಾಜಾದವರಿಗೆ ಬಿಟ್ಟುಕೊಡಬೇಕು. ಅವರು ಕುರ್ಚಿ ಹಾಕಿಕೊಂಡು ಕೂತು, ತಮಗಿಷ್ಟದ ರಾಗಗಳನ್ನು ಅವಸರವಿಲ್ಲದೆ ನುಡಿಸಲಿ. ಟಿಕೆಟ್ ಇರಲಿ, ಹಣ ಅವರಿಗೇ ಹೋಗಲಿ.