ಶರ್ಮನ್ ಟ್ಯಾಂಕಿನ ಭಾರತೀಯ ಅವತಾರ

ಟ್ಯಾಂಕುಗಳನ್ನು ಅಂತರ್ಜಾಲದ ಮೂಲಕ ಪರಸ್ಪರ ಕಾದಾಡಿಸುವ ಆಟಗಳಲ್ಲಿ ‘ವರ್ಲ್ಡ್ ಆಫ್ ಟ್ಯಾಂಕ್ಸ್’ ಮತ್ತು ‘ವಾರ್ ಥಂಡರ್’ ಎಂಬ ಎರಡು ಹೆಸರುಗಳು ಮುಂಚೂಣಿಯಲ್ಲಿದ್ದು, ಎರಡರಲ್ಲೂ ಆಟಗಾರನ ಕೈಗೆ ಸಿಗುವ ವಾಹನಗಳು ಬಹುಮಟ್ಟಿಗೆ ಚರಿತ್ರೆಯಲ್ಲಿ ನಿಜವಾಗಿ ಇದ್ದಂಥವು, ಇಲ್ಲವೇ ನಕ್ಷೆಯ ಹಂತದವರೆಗಾದರೂ ಬಂದಿದ್ದಂಥವು. ಮೊದಲನೆಯ ಆಟದಲ್ಲಿ ಪ್ರತಿ ಟ್ಯಾಂಕಿಗೂ ನಿಗದಿತ ಜೀವಾಂಕವಿದ್ದು, ಏಟು ಬಿದ್ದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. 2012ರ ನವೆಂಬರ್‌ನಲ್ಲಿ ಸಾರ್ವಜನಿಕ ಪರೀಕ್ಷೆಗೆ ತೆರೆದುಕೊಂಡು 2014ರಲ್ಲಿ ಟ್ಯಾಂಕುಗಳನ್ನೂ ಸೇರಿಸಿಕೊಂಡ ವಾರ್ ಥಂಡರ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗುಂಡು ಯಾವ ಕೋನದಲ್ಲಿ, ಎಷ್ಟು ದಪ್ಪದ ಕವಚಕ್ಕೆ ಬಡಿಯಿತು, ಒಳನುಗ್ಗಿದ ಚೂರುಗಳು ಚಾಲಕನಿಗೆ ತಾಗಿದವೋ, ಎಂಜಿನ್‌ಗೆ ತಾಗಿದವೋ ಅಥವಾ ಮದ್ದುಗುಂಡಿನ ಕಪಾಟಿಗೇ ತಾಗಿದವೋ ಎಂಬುದನ್ನೆಲ್ಲ ಗಣಕವು ಪ್ರತಿ ಹೊಡೆತಕ್ಕೂ ಗುಣಿಸಿ ನೋಡುತ್ತದೆ. ಆದ್ದರಿಂದ ಈ ಆಟಕ್ಕೆ ಹೊಸದೊಂದು ಟ್ಯಾಂಕನ್ನು ಸೂಚಿಸುವವರು ಹೆಸರನ್ನೂ ಚಿತ್ರವನ್ನೂ ಕೊಟ್ಟರೆ ಸಾಲದು. ಕವಚದ ದಪ್ಪ, ಗುಂಡಿನ ವೇಗ, ಗೋಪುರ ಸುತ್ತುವ ಗತಿ, ಒಳಗೆ ಹಿಡಿಸುವ ಗುಂಡುಗಳ ಸಂಖ್ಯೆ ಇವುಗಳಿಗೆಲ್ಲ ಲಿಖಿತ ಆಧಾರವನ್ನೂ ಒದಗಿಸಬೇಕಾಗುತ್ತದೆ.

ವಾರ್ ಥಂಡರ್‌ನಲ್ಲಿ ಅಮೆರಿಕ, ಜರ್ಮನಿ, ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೊದಲಾದ ರಾಷ್ಟ್ರಗಳಿಗೆ ತಮ್ಮದೇ ವಾಹನಗಳ ಸಾಲುಗಳಿದ್ದು, ಭಾರತಕ್ಕೆ ಪ್ರತ್ಯೇಕ ಸಾಲಿಲ್ಲ. ಭಾರತೀಯ ಸೇನೆ ಬಳಸಿದ ಕೆಲವು ವಾಹನಗಳು ಬ್ರಿಟನ್ನಿನ ಸಾಲಿನಲ್ಲಿ ಸೇರಿಕೊಂಡಿವೆ. ಭಾರತದ ಟ್ಯಾಂಕು ಎಂದೊಡನೆ ವಿಜಯಂತ, ಅರ್ಜುನ್ ಎಂಬ ಹೆಸರುಗಳು ಸಹಜವಾಗಿ ನೆನಪಾಗುತ್ತವೆಯಾದರೂ, ಇವೆರಡಕ್ಕಿಂತ ಹಳೆಯದೂ ಕುತೂಹಲಕರವೂ ಆದ ಇನ್ನೊಂದು ಅಭ್ಯರ್ಥಿಯಿದೆ: ಅಮೆರಿಕದ ಶರ್ಮನ್ ಟ್ಯಾಂಕಿನ ಮೂಲ ಫಿರಂಗಿಯನ್ನು ಕಳಚಿ, ಬೇರೆ ದೇಶದ ಫಿರಂಗಿಯನ್ನು ಕೂರಿಸಿದ ಭಾರತೀಯ ರೂಪಾಂತರ.

ಶರ್ಮನ್ ಭಾರತೀಯ ಸೈನಿಕರಿಗೆ ಹೊಸದೇನೂ ಆಗಿರಲಿಲ್ಲ. 1945ರಲ್ಲಿ ಬರ್ಮಾದ ಮೇಕ್ಟಿಲಾ ಪಟ್ಟಣವನ್ನು ಜಪಾನೀಯರಿಂದ ಕಸಿದುಕೊಂಡ ಕಾರ್ಯಾಚರಣೆಯಲ್ಲಿ ಪ್ರೋಬಿನ್ಸ್ ಹಾರ್ಸ್ ಮತ್ತು ರಾಯಲ್ ಡೆಕ್ಕನ್ ಹಾರ್ಸ್ ಎಂಬ ಭಾರತೀಯ ಅಶ್ವದಳದ ರೆಜಿಮೆಂಟುಗಳು ಇದೇ ಟ್ಯಾಂಕನ್ನು ಏರಿ ಹೋಗಿದ್ದವು. ಸ್ವಾತಂತ್ರ್ಯಾನಂತರವೂ ಸೇನೆಯಲ್ಲಿ ಉಳಿದ ಶರ್ಮನ್‌ಗಳ ದೇಹ ಗಟ್ಟಿಯಾಗಿದ್ದರೂ ಅವುಗಳ 75 ಮಿ.ಮೀ. ಫಿರಂಗಿ ಹೊಸ ಕಾಲದ ಕವಚಕ್ಕೆ ಸಾಟಿಯಾಗದಿದ್ದ ಕಾರಣ, ಎರಡು ಬಗೆಯ ಮಾರ್ಪಾಡುಗಳು ನಡೆದವು. ಕೆಲವು ಶರ್ಮನ್‌ಗಳಿಗೆ, ಭಾರತವು 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನಿಂದ ಕೊಂಡ ಎಎಂಎಕ್ಸ್-13 ಎಂಬ ಹಗುರ ಟ್ಯಾಂಕಿನಲ್ಲಿದ್ದಂಥ ಉದ್ದನೆಯ 75 ಮಿ.ಮೀ. ಫಿರಂಗಿಯನ್ನು ಜೋಡಿಸಲಾಯಿತು. ಅದರ ಗುಂಡು ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿರುತ್ತದೆ. ಇನ್ನು ಕೆಲವಕ್ಕೆ, ಸೋವಿಯತ್ ಒಕ್ಕೂಟದ ಪಿಟಿ-76 ಎಂಬ ನೀರಿನಲ್ಲೂ ತೇಲಿ ಸಾಗುವ ಟ್ಯಾಂಕಿನ 76 ಮಿ.ಮೀ. ಡಿ-56 ಫಿರಂಗಿ ಬಂತು. ಅಮೆರಿಕದ ಒಡಲು, ಸೋವಿಯತ್ ಫಿರಂಗಿ, ಭಾರತದ ಸಿಬ್ಬಂದಿ ಎಂಬ ಈ ಕೂಡುವಿಕೆಯು ಶೀತಲ ಸಮರದ ಕಾಲದಲ್ಲಿ ಎರಡೂ ಬಣಗಳಿಂದ ದೂರ ನಿಂತ ದೇಶವೊಂದರ ಉಗ್ರಾಣದಲ್ಲಷ್ಟೇ ಸಾಧ್ಯವಿತ್ತೇನೋ.

ಈ ಎರಡರಲ್ಲಿ ಯಾವುದನ್ನು ಸೂಚಿಸಬೇಕು ಎಂಬಲ್ಲಿ ವಿಚಾರ ಸೂಕ್ಷ್ಮವಾಗುತ್ತದೆ. ಫ್ರೆಂಚ್ ಫಿರಂಗಿಯ ಶರ್ಮನ್ ನಿಸ್ಸಂದೇಹವಾಗಿ ಹೆಚ್ಚು ಬಲಶಾಲಿಯಾದುದು. ಆದರೆ ಅದೇ ಫಿರಂಗಿಯನ್ನು ಹೊತ್ತ ಎಂ4ಎ4 ಶರ್ಮನ್ ಈಗಾಗಲೇ ಆಟದ ಫ್ರೆಂಚ್ ಸಾಲಿನಲ್ಲಿರುವುದರಿಂದ ಭಾರತೀಯ ರೂಪವು ಬಣ್ಣ ಬದಲಿಸಿದ ನಕಲಿನಂತೆ ತೋರುವ ಅಪಾಯವಿದೆ. ಸೋವಿಯತ್ ಫಿರಂಗಿಯ ಶರ್ಮನ್‌ಗೆ ಅಂಥ ಜೋಡಿಯಿಲ್ಲ. ಅದರ ದೌರ್ಬಲ್ಯವೇ ಅದನ್ನು ಆಸಕ್ತಿದಾಯಕವಾಗಿಸುತ್ತದೆ: ಡಿ-56 ಹಾರಿಸುವ ಸಾಮಾನ್ಯ ಕವಚಭೇದಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 655 ಮೀಟರ್ ಮಾತ್ರವಾಗಿದ್ದು, ಕಳಚಿ ಹಾಕಿದ ಅಮೆರಿಕನ್ ಫಿರಂಗಿಯದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಲ್ಲ. ಹಾಗಿದ್ದ ಮೇಲೆ ಮಾರ್ಪಾಡಿನ ಪ್ರಯೋಜನವೇನು? ಮದ್ದುಗುಂಡನ್ನು ಪಿಟಿ-76ರೊಡನೆ ಹಂಚಿಕೊಳ್ಳುವ ಅನುಕೂಲ ಒಂದು ಕಾರಣವಾಗಿರಬಹುದು. ಅದಕ್ಕಿಂತ ಮುಖ್ಯವಾದುದು ಈ ಫಿರಂಗಿಗೆ ಲಭ್ಯವಿದ್ದ ‘ಹೀಟ್’ ಎಂಬ ಬಗೆಯ ಗುಂಡು. ಇದರ ಒಳಗಿನ ಸ್ಫೋಟಕದ ಮುಂಭಾಗದಲ್ಲಿ ಲೋಹದ ತೆಳು ಹಾಳೆ ಹೊದಿಸಿದ ಆಲಿಕೆಯಾಕಾರದ ಟೊಳ್ಳು ಇದ್ದು, ಸ್ಫೋಟವಾದೊಡನೆ ಆ ಲೋಹ ಅತಿವೇಗದ ಸಣ್ಣ ಧಾರೆಯಾಗಿ ಚಿಮ್ಮಿ ಉಕ್ಕನ್ನು ಕೊರೆಯುತ್ತದೆ. ಆದ್ದರಿಂದ ಗುಂಡು ನಿಧಾನವಾಗಿ ಬಂದರೂ, ದೂರದಿಂದ ಬಂದರೂ ಅದರ ಭೇದಕ ಶಕ್ತಿ ಕುಂದುವುದಿಲ್ಲ.

ಪ್ರಸ್ತಾವದ ಪ್ರಾಣವಿರುವುದು ಇಲ್ಲಿಯೇ. ಭಾರತೀಯ ಶರ್ಮನ್‌ಗಳಿಗೆ ಹೀಟ್ ಗುಂಡು ವಾಸ್ತವವಾಗಿ ವಿತರಣೆಯಾಗಿತ್ತು ಎಂಬುದಕ್ಕೆ ದಾಖಲೆ ಸಿಕ್ಕರೆ ಆಟದಲ್ಲಿ ಅದೊಂದು ಅಪಾಯಕಾರಿ ಹೊಂಚುಗಾರ ವಾಹನವಾಗುತ್ತದೆ. ಸಿಗದಿದ್ದರೆ ಉಳಿಯುವುದು ಹಳೆಯ ಟ್ಯಾಂಕಿಗೆ ಹಳೆಯದೇ ಶಕ್ತಿಯ ಬೇರೊಂದು ನಳಿಗೆ, ಅಷ್ಟೇ. ಉತ್ಸಾಹಿಗಳು ಸಾಮಾನ್ಯವಾಗಿ ಎಡವುವುದೂ ಇಲ್ಲೇ, ಏಕೆಂದರೆ ಫಿರಂಗಿ ಯಾವುದೆಂದು ಗೊತ್ತಾದೊಡನೆ ಆ ಫಿರಂಗಿಯ ಎಲ್ಲ ಗುಂಡುಗಳೂ ಆ ಸೇನೆಯಲ್ಲಿ ಇದ್ದವೆಂದು ಅವರು ಎಣಿಸಿಬಿಡುತ್ತಾರೆ.

ರಣರಂಗದ ಚರಿತ್ರೆ ಈ ಟ್ಯಾಂಕಿನ ಪರವಾಗಿದೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್ ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಡೆದ ಕಾಳಗದಲ್ಲಿ ಡೆಕ್ಕನ್ ಹಾರ್ಸ್‌ನ ಶರ್ಮನ್‌ಗಳು, ಸೆಂಚೂರಿಯನ್ ಮತ್ತು ಎಎಂಎಕ್ಸ್-13 ಟ್ಯಾಂಕುಗಳ ಜೊತೆಗೆ, ಪಾಕಿಸ್ತಾನದ 1ನೇ ಶಸ್ತ್ರಸಜ್ಜಿತ ಡಿವಿಜನ್ನಿನ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದವು. 90 ಮಿ.ಮೀ. ಫಿರಂಗಿಯ ಪ್ಯಾಟನ್‌ನ ಓರೆಯಾದ ಮುಂಗವಚವೇ 100 ಮಿ.ಮೀ.ಗೂ ಹೆಚ್ಚು ದಪ್ಪವಿದ್ದು, ಶರ್ಮನ್‌ಗೆ ಅದನ್ನು ಎದುರಿನಿಂದ ಭೇದಿಸುವುದು ಕಷ್ಟಸಾಧ್ಯ. ಭಾರತೀಯ ಪಡೆಗಳು ಕುದುರೆಲಾಳದ ಆಕಾರದಲ್ಲಿ ಕಬ್ಬಿನ ಗದ್ದೆಗಳ ಮರೆಯಲ್ಲಿ ಕಾದು ಕುಳಿತು, ಕಾಲುವೆಯ ನೀರು ಹರಿಸಿ ನೆಲವನ್ನು ಕೆಸರಾಗಿಸಿ, ಒಳಬಂದ ಪ್ಯಾಟನ್‌ಗಳ ತೆಳುವಾದ ಪಕ್ಕೆಗೆ ಹತ್ತಿರದಿಂದ ಗುಂಡು ಹಾರಿಸಿದ್ದರಿಂದ ಗೆಲುವು ಸಾಧ್ಯವಾಯಿತು. ಸೆರೆಸಿಕ್ಕ ಪ್ಯಾಟನ್‌ಗಳನ್ನು ಸಾಲಾಗಿ ನಿಲ್ಲಿಸಿದ ಭಿಖಿವಿಂಡ್‌ನ ಬಯಲಿಗೆ ‘ಪ್ಯಾಟನ್ ನಗರ’ ಎಂಬ ಹೆಸರೇ ಬಂತು.

ವಿಚಿತ್ರವೆಂದರೆ ಈ ಚಾರಿತ್ರಿಕ ಮುಖಾಮುಖಿ ಆಟದಲ್ಲಿ ನಡೆಯುವ ಸಂಭವ ಬಹಳ ಕಡಿಮೆ. ವಾರ್ ಥಂಡರ್ ಪ್ರತಿ ವಾಹನಕ್ಕೂ 1.0, 1.3, 1.7 ಎಂದು ಮೇಲೇರುವ ‘ಬ್ಯಾಟಲ್ ರೇಟಿಂಗ್’ ಎಂಬ ಕದನಾಂಕವನ್ನು ಕೊಟ್ಟು, ಅಂಕಗಳು ಹತ್ತಿರವಿರುವ ವಾಹನಗಳನ್ನಷ್ಟೇ ಒಂದೇ ಕಣಕ್ಕೆ ಇಳಿಸುತ್ತದೆ. ಈ ಅಂಕ ನಿಗದಿಯಾಗುವುದು ವಾಹನದ ಕಾಲದಿಂದಲ್ಲ, ಆಟದಲ್ಲಿ ಅದು ತೋರುವ ಸಾಮರ್ಥ್ಯದಿಂದ. ಹಾಗಾಗಿ ಪ್ಯಾಟನ್ ಮೇಲಿನ ಅಂಕದಲ್ಲಿ ಉಳಿದು, ಶರ್ಮನ್ ಮಹಾಯುದ್ಧದ ಟ್ಯಾಂಕುಗಳ ನಡುವೆ ಸೆಣಸಬೇಕಾಗುತ್ತದೆ. ಆಟಗಾರರ ಸಮಾನತೆಗೆ ಇದು ಅನಿವಾರ್ಯವಾದರೂ, ‘ಪ್ಯಾಟನ್ ಕೊಂದ ಟ್ಯಾಂಕು’ ಎಂಬ ವಾದವನ್ನೇ ಮುಂದಿಟ್ಟುಕೊಂಡ ಪ್ರಸ್ತಾವ ದುರ್ಬಲವಾದುದೆಂದೇ ಹೇಳಬೇಕು.

ಆಧಾರ ಸಂಗ್ರಹದಲ್ಲಿ ಹಳೆಯ ಟ್ಯಾಂಕಿಗೆ ಒಂದು ದೊಡ್ಡ ಅನುಕೂಲವುಂಟು. 2021ರಲ್ಲಿ ಬ್ರಿಟನ್ನಿನ ಚಾಲೆಂಜರ್-2 ಟ್ಯಾಂಕಿನ ಚಿತ್ರಣ ತಪ್ಪಾಗಿದೆಯೆಂದು ಸಾಧಿಸಲು ಆಟಗಾರನೊಬ್ಬ ಸೇನೆಯ ಕೈಪಿಡಿಯ ಪುಟಗಳನ್ನೇ ಅಂತರ್ಜಾಲದಲ್ಲಿ ಹಾಕಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದರ ನಂತರವೂ ಅಂಥ ಸೋರಿಕೆಗಳು ನಡೆದವು. ನಿರ್ಮಾಪಕ ಸಂಸ್ಥೆ ಗೈಜಿನ್ ಗೋಪ್ಯ ದಾಖಲೆಗಳನ್ನು ಸ್ವೀಕರಿಸುವುದಿಲ್ಲ, ಭಾರತದಲ್ಲಂತೂ 1923ರ ಅಧಿಕೃತ ಗೋಪ್ಯತಾ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅರ್ಜುನ್‌ನಂಥ ಸೇವಾನಿರತ ಟ್ಯಾಂಕಿನ ಅಂಕಿಅಂಶ ಕೆದಕುವವರು ಈ ಗೆರೆಯನ್ನು ನೆನಪಿಡಬೇಕು. ಎಂದೋ ನಿವೃತ್ತವಾದ ಶರ್ಮನ್‌ನ ವಿಷಯದಲ್ಲಿ ಪ್ರಕಟಿತ ರೆಜಿಮೆಂಟ್ ಇತಿಹಾಸಗಳು, ಹಳೆಯ ಛಾಯಾಚಿತ್ರಗಳು, ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಂಥ ಸಂಗ್ರಹಾಲಯಗಳು ನೆರವಿಗೆ ಬರುತ್ತವೆ. ಛಾಯಾಚಿತ್ರದಲ್ಲಿ ಮೊದಲು ಪರೀಕ್ಷಿಸಬೇಕಾದುದು ನಳಿಗೆಯ ತುದಿಯನ್ನು: ಅಲ್ಲಿ ಅನಿಲವನ್ನು ಪಕ್ಕಕ್ಕೆ ಹಾಯಿಸಿ ಫಿರಂಗಿಯ ಒದೆತವನ್ನು ತಗ್ಗಿಸುವ ‘ಮಝಲ್ ಬ್ರೇಕ್’ ಇರುತ್ತದೆ. ಉದ್ದನೆಯ ಕೊಳವೆಗೆ ಸಾಲುಸಾಲಾಗಿ ಸೀಳುಗಳಿದ್ದರೆ ಅದು ಡಿ-56ರ ಆರಂಭಿಕ ಮಾದರಿ; ಎರಡು ಕೋಣೆಯ ಬ್ರೇಕ್ ಇದ್ದು ಅದರ ಹಿಂದೆ ಹೊಗೆ ಹೊರದೂಡುವ ಉಬ್ಬು ಕಂಡರೆ ನಂತರದ್ದು.

ಕರ್ನಾಟಕದ ಸೈನಿಕ ಕುಟುಂಬಗಳ ಹಳೆಯ ಪೆಟ್ಟಿಗೆಗಳಲ್ಲಿ ಶರ್ಮನ್ ಮುಂದೆ ನಿಂತ ಸಿಬ್ಬಂದಿಯ ಛಾಯಾಚಿತ್ರಗಳೇನಾದರೂ ಉಳಿದಿದ್ದರೆ, ಹಿಂಬದಿಯಲ್ಲಿ ಬರೆದ ಊರು ಮತ್ತು ಇಸವಿಯ ಸಮೇತ ಅವುಗಳ ಪ್ರತಿಯನ್ನು ಸಂಬಂಧಪಟ್ಟ ರೆಜಿಮೆಂಟಿಗೋ ಸಂಗ್ರಹಾಲಯಕ್ಕೋ ತಲುಪಿಸುವುದು ಒಳಿತು. ಆಟದ ನಿರ್ಮಾಪಕರು ಪ್ರಸ್ತಾವವನ್ನು ಒಪ್ಪಲಿ ಬಿಡಲಿ, ಇತಿಹಾಸಕಾರರಿಗೆ ಅವು ಬೇಕಾಗುತ್ತವೆ.