ತಂತ್ರಾಂಶ ಭಂಡಾರಗಳ ಅಗೆತ

ವಿದ್ಯಾರ್ಥಿಯು ಒಪ್ಪಿಸುವ ಪ್ರಬಂಧದ ಶುದ್ಧ ಪ್ರತಿಯಲ್ಲಿ ಹೊಡೆದುಹಾಕಿದ ಪದಗಳು ಕಾಣುವುದಿಲ್ಲ. ಅವು ಕರಡಿನೊಡನೆ ಕಸದಬುಟ್ಟಿಗೆ ಹೋಗಿರುತ್ತವೆ. ತಂತ್ರಾಂಶ ರಚನೆಯಲ್ಲಿ ಕರಡೂ ಉಳಿಯುತ್ತದೆ. ಗಣಕಕ್ಕಾಗಿ ಬರೆದ ಸಾಲುಗಳಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವರ ಹೆಸರು, ದಿನಾಂಕ, ವೇಳೆ ಮತ್ತು ಕಾರಣ ಸೂಚಿಸುವ ಒಂದೆರಡು ವಾಕ್ಯಗಳೊಡನೆ ಭಂಡಾರದಲ್ಲಿ ದಾಖಲಾಗುತ್ತದೆ. ದೋಷಗಳ ದೂರುಪಟ್ಟಿಯನ್ನು ಬೇರೆಯಾಗಿ ಇರಿಸಲಾಗುತ್ತದೆ. ಈ ದಾಖಲೆಗಳನ್ನು ಅಗೆದು ಜ್ಞಾನವನ್ನು ಹೊರತೆಗೆಯುವ ಸಂಶೋಧಕರ ಕೂಟವೇ 'ಮೈನಿಂಗ್ ಸಾಫ್ಟ್‌ವೇರ್ ರೆಪಾಸಿಟರೀಸ್' ಸಮ್ಮೇಳನ. 2004ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕಾರ್ಯಾಗಾರವಾಗಿ ಆರಂಭವಾದ ಇದು 2008ರಿಂದ ಸಮ್ಮೇಳನದ ರೂಪ ತಳೆಯಿತು. ಇದರಲ್ಲಿ ನಡೆಯುವ ಒಂದು ಸ್ಪರ್ಧೆಯ ಕ್ರಮವು ಶಿಕ್ಷಕರಿಗೆ ಹಿಡಿಸುವಂತಹುದು: ದತ್ತಾಂಶ ಎಲ್ಲರಿಗೂ ಒಂದೇ, ಪ್ರಶ್ನೆ ಮಾತ್ರ ಅವರವರದು.

ಅಗೆತದ ಬಗೆಯನ್ನು ತಿಳಿಯಲು 2005ರ ಕೂಟದಲ್ಲಿ ಮಂಡಿತವಾದ ಒಂದು ಪ್ರಬಂಧವನ್ನು ನೋಡಬಹುದು. ಶ್ಲಿವೆರ್ಸ್ಕಿ, ಸಿಮರ್‌ಮನ್, ಝೆಲ್ಲರ್ ಎಂಬ ಮೂವರು ಮೊಝಿಲ್ಲಾ ಮತ್ತು ಎಕ್ಲಿಪ್ಸ್ ತಂತ್ರಾಂಶಗಳ ಇತಿಹಾಸವನ್ನು ಪರಿಶೀಲಿಸಿದರು. ಮೊದಲು ದೋಷಪಟ್ಟಿಯ ನೆರವಿನಿಂದ, ಯಾವ ತಿದ್ದುಪಡಿ ದೋಷವನ್ನು ಸರಿಪಡಿಸಿತು ಎಂಬುದನ್ನು ಗುರುತಿಸಿದರು. ಬಳಿಕ, ಸರಿಪಡಿಸಲ್ಪಟ್ಟ ಆ ಸಾಲುಗಳನ್ನು ಹಿಂದೆ ಯಾವ ಬದಲಾವಣೆ ಬರೆದಿತ್ತು ಎಂದು ಹಿಮ್ಮುಖವಾಗಿ ಹುಡುಕಿದರು. ಮದ್ದಿನಿಂದ ರೋಗಕ್ಕೆ, ರೋಗದಿಂದ ಅದರ ಮೂಲಕ್ಕೆ ಸಾಗುವ ದಾರಿಯಿದು. ದೋಷ ತರುವ ಬದಲಾವಣೆಗಳಿಗೂ ಅವುಗಳ ಗಾತ್ರಕ್ಕೂ, ಅವನ್ನು ಮಾಡಿದ ವಾರದ ದಿನಕ್ಕೂ ನಂಟಿರುವುದು ಕಂಡುಬಂದಿತು. ಶುಕ್ರವಾರ ತಂತ್ರಾಂಶ ಬರೆಯಬಾರದೆಂಬ ಚಟಾಕಿ ಹುಟ್ಟಿದ್ದು ಹೀಗೆ. ಆದರೆ ದಿನದ ದೋಷವೋ ದಣಿವಿನ ದೋಷವೋ ಎಂಬುದನ್ನು ದಾಖಲೆ ತಾನಾಗಿ ಹೇಳದು.

ಈ ಎಚ್ಚರವು ಇನ್ನಷ್ಟು ಸ್ಪಷ್ಟವಾಗಿ ಕೇಳಿಬಂದದ್ದು 2014ರ ಹೈದರಾಬಾದ್ ಸಮ್ಮೇಳನದಲ್ಲಿ. ತೆಲಂಗಾಣ ರಾಜ್ಯ ಉದಯಿಸುವ ಹಿಂದಿನ ದಿನ, ಜೂನ್ 1ರಂದು, ಅದು ಮುಗಿಯಿತು. ಗಿಟ್‌ಹಬ್ ಎಂಬ ಬೃಹತ್ ತಾಣದ ದತ್ತಾಂಶವನ್ನು ಬಳಸುವವರು ಎಲ್ಲೆಲ್ಲಿ ಎಡವಬಹುದೆಂದು ಅಲ್ಲಿನ ಒಂದು ಪ್ರಬಂಧ ತೋರಿಸಿಕೊಟ್ಟಿತು. ಅಲ್ಲಿನ ಬಹುಪಾಲು ಭಂಡಾರಗಳು ಸಹಯೋಗದ ಯೋಜನೆಗಳಲ್ಲ, ಒಬ್ಬೊಬ್ಬರ ಸ್ವಂತ ಬಳಕೆಯವು ಮತ್ತು ನಿಷ್ಕ್ರಿಯವಾದವು. ಹೊರಗಿನವರು ಕಳುಹಿಸಿದ ತಿದ್ದುಪಡಿಯ ಕೋರಿಕೆಗಳಲ್ಲಿ ಶೇ. 40ರಷ್ಟು, ವಾಸ್ತವದಲ್ಲಿ ಅಂಗೀಕೃತವಾಗಿದ್ದರೂ ದಾಖಲೆಯಲ್ಲಿ ಹಾಗೆ ಕಾಣುತ್ತಿರಲಿಲ್ಲ. ಲೆಕ್ಕವನ್ನಷ್ಟೇ ನಂಬಿದವನು ಸ್ವೀಕೃತವಾದ ದುಡಿಮೆಯನ್ನು ತಿರಸ್ಕೃತವೆಂದು ಬರೆದುಬಿಡುತ್ತಾನೆ. ತಾನು ನಿತ್ಯ ಬಳಸುವ ಸಾಕ್ಷ್ಯವನ್ನೇ ತನಿಖೆಗೆ ಒಡ್ಡಿದ್ದು ಈ ಸಮುದಾಯದ ದೊಡ್ಡ ಸಾಧನೆಯೆನ್ನಬೇಕು.

ಕನ್ನಡಕ್ಕೂ ಇಲ್ಲಿ ಪಾಲಿದೆ. ಗ್ನೋಮ್‌ನಂತಹ ಮುಕ್ತ ತಂತ್ರಾಂಶಗಳ ಕನ್ನಡ ಅನುವಾದದ ಕಡತಗಳು ಇಂತಹ ಭಂಡಾರಗಳಲ್ಲಿಯೇ ಇವೆ. ಪರದೆಯ ಮೇಲಿನ ಒಂದು ಪದ ಯಾವಾಗ ಬಂದಿತು, ಯಾವುದನ್ನು ತೆಗೆದು ಬಂದಿತು ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಅಲ್ಲಿ ಹುಡುಕಿ ನೋಡಬಹುದು. ಪದರಚನೆಯ ಪಾಠಕ್ಕೆ ಅದು ಒದಗುತ್ತದೆ. ಆದರೆ ಕಡತವನ್ನು ಸೇರಿಸಿದವರ ಹೆಸರಷ್ಟೇ ಅಲ್ಲಿ ಕಾಣಬಹುದು. ಆ ಪದವನ್ನು ಸೂಚಿಸಿದವರು ಬೇರೊಬ್ಬರಾಗಿದ್ದರೆ, ಅದನ್ನು ಅವರಿವರ ಬಾಯಿಂದಲೇ ಕೇಳಿ ತಿಳಿಯಬೇಕು.